ನಾಡು ಕರೆಯುವ ಪಂಚಾಕ್ಷರಪ್ಪನವರು

ಪಂಚಾಕ್ಷರಪ್ಪನವರ ತುಟಿಗಳು ಸುಮ್ಮನಿದ್ದುದನ್ನು ಕಂಡವರಿಲ್ಲ. ಎತ್ತು ಹೂಡುವಾಗ, ಉಣ್ಣುವಾಗ ಎರಡು ತುತ್ತುಗಳ ನಡುವೆ, ಹೊನ್ನಾಳಿಯ ಕಚೇರಿ ಜಗಲಿಯ ಮೇಲೆ ಅಮಲ್ದಾರರಿಗಾಗಿ ಕಾಯುವಾಗ, ಕೊನೆಗೆ ಕ್ಷೌರಕ್ಕೆ ತಲೆಯೊಡ್ಡಿ ಕಣ್ಣು ಮುಚ್ಚಿ ಕುಳಿತಾಗಲೂ, ಗಾಳಿಯಿಲ್ಲದ ಮಧ್ಯಾಹ್ನದಲ್ಲಿ ಅರಳಿಯ ಎಲೆಯೊಂದೇ ಕಾರಣವಿಲ್ಲದೆ ತುಯ್ಯುವಂತೆ, ಆ ತೆಳ್ಳನೆಯ ತುಟಿಗಳು ಸದ್ದಿಲ್ಲದೆ ಅಲುಗುತ್ತಲೇ ಇರುತ್ತಿದ್ದವು. ಹೊಸಬರು ಅದನ್ನು ಜಪವೆಂದು ತಿಳಿದು ಕೈಮುಗಿಯುತ್ತಿದ್ದರು. ಹೆಸರು ನೋಡಿದರೆ ಪಂಚಾಕ್ಷರಪ್ಪ, ಹಣೆಯ ತುಂಬ ವಿಭೂತಿ; ಹಾಗೆ ತಿಳಿದವರದು ತಪ್ಪೆನ್ನುವಂತಿರಲಿಲ್ಲ. ಆದರೆ ಅವರು ಜಪಿಸುತ್ತಿದ್ದುದು ಶಿವನ ಐದಕ್ಷರಗಳನ್ನಲ್ಲ, ಊರುಗಳ ಹೆಸರುಗಳನ್ನು. ಅದರಲ್ಲಿ ಭಕ್ತಿಗಿಂತ ಭಯವೇ ಹೆಚ್ಚಿತ್ತು.

ಅವರ ಊರು ಕೆಂಗಲ್ಲು. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಯಿಂದ ಒಳಕ್ಕೆ ಸರಿದು, ಕೆಂಪು ಕಲ್ಲಿನ ದಿಬ್ಬಕ್ಕೆ ಬೆನ್ನು ಕೊಟ್ಟು ಕುಳಿತ ಊರು. ಅರಸರು ತಮ್ಮ ರಾಜ್ಯವನ್ನು ಹರದಾರಿಗಳಲ್ಲಿ ಅಳೆಯದೆ ಊರುಗಳ ಲೆಕ್ಕದಲ್ಲಿ ಅಳೆಯುತ್ತಿದ್ದ ಕಾಲದಲ್ಲಿ ಅದು ‘ಕೆಂಗಲ್ಲುನಾಡು ಎಪ್ಪತ್ತು’ ಎಂಬ ಸೀಮೆಯ ತಲೆಯೂರಾಗಿತ್ತು. ಎಪ್ಪತ್ತು ಊರು ಕೂಡಿ ಒಂದು ನಾಡು. ಅಂಥ ನಾಡುಗಳು ಕೆಲವು ಕೂಡಿದರೆ ‘ಸಾವಿರ’ವೆಂದು ಕರೆಯುವ ಅದಕ್ಕಿಂತ ದೊಡ್ಡದೊಂದು ಸೀಮೆ. ಆಮೇಲೆ ಪಾಳೆಯಗಾರರು ಬಂದರು, ಪರಗಣೆಗಳು ಬಂದವು, ತಾಲ್ಲೂಕು ಹೋಬಳಿಗಳು ಬಂದವು. ಸರ್ವೆಯವರು ಕೆಂಗಲ್ಲುನಾಡಿನ ಮೈಮೇಲೆಯೇ ಗೆರೆಯೆಳೆದು ಒಂದಷ್ಟು ಊರುಗಳನ್ನು ಹೊನ್ನಾಳಿಗೂ ಬಸವಾಪಟ್ಟಣದ ಕಡೆಯ ಒಂದಷ್ಟನ್ನು ಚನ್ನಗಿರಿಗೂ ಹಾಕಿದರು. ಯಾವ ನಕ್ಷೆಯಲ್ಲಿಯೂ ಆ ನಾಡು ಉಳಿಯಲಿಲ್ಲ. ಅದು ಉಳಿದದ್ದು ಮದುವೆಯ ಚಪ್ಪರದಲ್ಲಿ ನಾಡ ವೀಳ್ಯ ಹಂಚುವ ಒಂದು ಗಳಿಗೆಯಲ್ಲಿ, ಆ ವೀಳ್ಯಕ್ಕೆ ಊರುಗಳನ್ನು ಕರೆಯುವ ನಾಡಗೌಡನ ಬಾಯಲ್ಲಿ.

ಧಾರೆ ಮುಗಿದು ಊಟಕ್ಕೆ ಏಳುವ ಮೊದಲು ಚಪ್ಪರದ ನಡುವೆ ಕರಿಯ ಕಂಬಳಿ ಹಾಸುತ್ತಿದ್ದರು. ಹಿತ್ತಾಳೆಯ ಹರಿವಾಣದಲ್ಲಿ ಊರಿಗೊಂದರಂತೆ ಸುತ್ತಿಟ್ಟ ಎಲೆ–ಅಡಿಕೆ. ನಾಡಗೌಡರು ಎದ್ದು ನಿಂತು, ಯಾವ ಊರಿನ ಹಿಂದೆ ಯಾವ ಊರು ಎಂದು ಎಂದೋ ಗೊತ್ತಾದ ಕ್ರಮದಲ್ಲಿ, “ಕೆಂಗಲ್ಲುನಾಡು ಎಪ್ಪತ್ತರ ಪೈಕಿ ಇಂಥ ಊರಿಗೆ ನಾಡ ವೀಳ್ಯ” ಎಂದು ಕರೆಯಬೇಕು. ಆ ಊರಿನ ಹಿರಿಯನೊಬ್ಬ ಬಂದು ವೀಳ್ಯ ಪಡೆದು ಕಣ್ಣಿಗೊತ್ತಿಕೊಂಡು ಹೋಗಬೇಕು. ಒಂದು ಹೆಸರು ಹಿಂದುಮುಂದಾದರೆ ಹಿಂದಾದ ಊರಿನವರು ಉಣ್ಣದೆ ಎದ್ದು ಹೋಗುವುದು ವಾಡಿಕೆ. ಎದ್ದವರು ಸುಮ್ಮನೆ ಹೋಗುತ್ತಾರೆಂಬ ಭರವಸೆ ಇರಲಿಲ್ಲ.

ಈ ಕೆಲಸಕ್ಕೆಂದೇ ನಾಡಗೌಡ ಪಂಚಾಕ್ಷರಪ್ಪನವರು ಒಂದು ಕರಿಯ ಕೋಟು ಇಟ್ಟುಕೊಂಡಿದ್ದರು. ತಂದೆಯ ಅಗಲವಾದ ಭುಜಕ್ಕೆ ಹೊಲಿಸಿದ್ದು. ಮಗನ ಕೃಶವಾದ ಮೈಮೇಲೆ ಅದು ಗೂಟಕ್ಕೆ ಹಾಕಿದಂತೆ ಜೋಲುತ್ತಿತ್ತು. ಅದನ್ನು ತೊಟ್ಟ ದಿನ ಅವರು ಬೆಳಗಿನಿಂದ ನೀರನ್ನೂ ಮುಟ್ಟುತ್ತಿರಲಿಲ್ಲ. ನಡೆಯುವಾಗ ಆಗಾಗ ತಟ್ಟನೆ ನಿಂತು, ಹಿಂದಿನಿಂದ ಯಾರೋ ಕೂಗಿದರೆಂಬಂತೆ ಅರೆತಿರುಗಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮುಂದಿನ ಹೆಜ್ಜೆ ಇಡುವುದು ಅವರ ನಡಿಗೆ. ಎತ್ತರದ ಆಳು, ಆದರೆ ಎತ್ತರವನ್ನು ಯಾರಿಗೋ ಒಪ್ಪಿಸಿಬಿಟ್ಟವರಂತೆ ಬೆನ್ನು ಬಾಗಿಸಿಕೊಂಡೇ ಬದುಕಿದರು.

ಆ ಭಯಕ್ಕೆ ಒಂದು ಮೂಲವಿತ್ತು. ಉಪ್ಪಿನ ಸತ್ಯಾಗ್ರಹದ ಸುದ್ದಿ ಈ ಕಡೆಗೂ ಬಂದಿದ್ದ ವರ್ಷ, ಇವರ ತಂದೆ ದೊಡ್ಡ ನಾಡಗೌಡರು ಒಂದು ಮದುವೆಯಲ್ಲಿ ನಾಡು ಕರೆಯುತ್ತ ಕಲ್ಲುಹೊಳೆಯನ್ನು ಮಳಲಿಕೆರೆಗಿಂತ ಮೊದಲು ಕರೆದುಬಿಟ್ಟರು. ಎಂಬತ್ತರ ಹತ್ತಿರದ ಮುದುಕ. ನಾಲಗೆ ಒಂದು ಕ್ಷಣ ತಡವರಿಸಿತ್ತು, ಅಷ್ಟೆ. ಆದರೆ ಮಳಲಿಕೆರೆಯವರು ಎದ್ದರು, ಕಲ್ಲುಹೊಳೆಯವರು ಕೂತಲ್ಲಿಂದ ಏನೋ ಅಂದರು, ಚಪ್ಪರದ ಗಳಗಳೇ ಬಡಿಗೆಗಳಾದವು. ಮಳಲಿಕೆರೆಯ ಮಹೇಶ್ವರಪ್ಪನ ಎಡಗಣ್ಣು ಆ ದಿನ ಹೋಯಿತು. ಮುದುಕರು ಕಂಬಳಿಯ ಮೇಲೆ ಹರಿವಾಣ ತಬ್ಬಿಕೊಂಡು ಕುಳಿತಿದ್ದರಂತೆ. ಮನೆಗೆ ಕರೆತಂದ ಮೇಲೆ ಮಾತು ನಿಂತಿತು, ಆ ಮಳೆಗಾಲ ಕಳೆಯುವುದರೊಳಗೆ ಜೀವವೂ ಹೋಯಿತು. ಕೋಟು ಮಗನಿಗೆ ಬಂತು. ಅದರ ಜೊತೆಗೇ, ನಾನೂ ಒಂದು ದಿನ ಹೀಗೆಯೇ ಮರೆಯುತ್ತೇನೆ ಎಂಬ ನಂಬಿಕೆಯೂ ಬಂತು.

ಎಪ್ಪತ್ತು ಎಂಬುದು ಹೆಸರಿಗಷ್ಟೇ. ಜನವಿರುವ ಊರುಗಳು ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲಿದ್ದಾವು. ಉಳಿದವು ದಂಡಿನ ಹಾವಳಿಗೋ ಪ್ಲೇಗಿಗೋ ಕೆರೆಯ ಏರಿ ಒಡೆದದ್ದಕ್ಕೋ ಖಾಲಿಯಾಗಿ, ರೆವಿನ್ಯೂ ಕಾಗದಗಳಲ್ಲಿ ‘ಬೇಚರಾಕ್’ ಎಂಬ ಒಂದೇ ಮಾತಿನಲ್ಲಿ ಮಣ್ಣಾಗಿದ್ದವು. ಕೆಲವಕ್ಕೆ ತಲೆಮಾರುಗಳಿಂದ ಹೆಸರಿಲ್ಲ. ಆದರೆ ಹೆಸರು ಉಳಿದ ಹಾಳೂರುಗಳನ್ನು ಪಂಚಾಕ್ಷರಪ್ಪನವರು ಒಂದನ್ನೂ ಬಿಡದೆ ಕರೆಯುತ್ತಿದ್ದರು. ಕರೆದು, ದಾರಿಯಲ್ಲಿ ತಡವಾದವರಿಗೆ ಕಾಯುವಂತೆ ಚಪ್ಪರದ ಬಾಗಿಲ ಕಡೆ ತುಸು ನೋಡಿ, ಯಾರೂ ಬರದಿದ್ದಾಗ ಆ ವೀಳ್ಯವನ್ನು ಕಂಬಳಿಯ ಅಂಚಿಗೆ ಇಡುತ್ತಿದ್ದರು. ಹಸಿದವರಿಗೆ ಇದು ಸಹನೆಯಾಗುತ್ತಿರಲಿಲ್ಲ.

“ಯಾರೂ ಇಲ್ಲದ ಊರಿಗೆ ಯಾಕ್ರೀ ಗೌಡ್ರೆ ಇಷ್ಟೊತ್ತು? ಅನ್ನ ಆರ್ತೈತೆ.”

“ನಮ್ಮಪ್ಪ ಕರೀತಿದ್ದ,” ಎಂಬುದಕ್ಕಿಂತ ಹೆಚ್ಚಿನ ಸಮರ್ಥನೆ ಅವರಲ್ಲಿರಲಿಲ್ಲ.

ಇದನ್ನು ಕೇವಲ ಹಟವೆಂದು ತಿಳಿಯದೆ ಕಿವಿಗೊಟ್ಟವರು ಹಾಲಸ್ವಾಮಿ ಮೇಷ್ಟ್ರು ಒಬ್ಬರೇ. ಮೂವತ್ತರ ದಶಕದ ಕೊನೆಗೆ ನ್ಯಾಮತಿಯ ಶಾಲೆಗೆ ಬಂದ ಈ ಮೇಷ್ಟ್ರು ಭಾನುವಾರಗಳಲ್ಲಿ ಸೈಕಲ್ಲಿನ ಮೇಲೆ ಊರೂರು ತಿರುಗಿ, ಬಿದ್ದ ಕಲ್ಲುಗಳಿಗೆ ಸುಣ್ಣದ ಪುಡಿ ತಿಕ್ಕಿ ಅಕ್ಷರ ಹುಡುಕುವವರು. ಅವರಿಗೆ ಎಲ್ಲಿಯೋ ಇಂಗ್ಲಿಷ್ ವಿಶ್ವಕೋಶದ ಬಿಡಿ ಸಂಪುಟವೊಂದು ಸಿಕ್ಕಿತ್ತು. ಅದನ್ನೋದಿದ ವಾರವೇ ಕೆಂಗಲ್ಲಿಗೆ ಬಂದು, ಪಂಚಾಕ್ಷರಪ್ಪನವರ ಜಗಲಿಯ ಮೇಲೆ ಕುಳಿತರು.

“ಗೌಡ್ರೆ, ಇಂಗ್ಲೆಂಡಿನ ಪಕ್ಕದಾಗೇ ವೇಲ್ಸ್ ಅಂತ ಒಂದು ದೇಶ ಐತೆ. ಅಲ್ಲೂ ಹಿಂದಿನ ಕಾಲದಾಗೆ ಭೂಮಿ ಹಿಂಗೇ ಹಂಚಿದ್ರಂತೆ. ನೂರು ಊರು ಕೂಡಿದ್ರೆ ಒಂದು ಕಾಂತ್ರೆವ್. ಅದನ್ನ ಒಡೆದು ಎರಡೋ ಮೂರೋ ಕುಮುದ್ ಮಾಡೋರು. ಕುಮುದಿಗೊಂದು ನ್ಯಾಯದ ಕಟ್ಟೆ.”

“ಕುಮುದ ಅಂದ್ರೆ ನೈದಿಲೆ ಅಲ್ಲೇನ್ರಿ?”

“ನಮಗೆ ನೈದಿಲೆ. ಅವರಿಗೆ ಸೀಮೆ. ಆಮೇಲೆ ಇಂಗ್ಲಿಷ್ ದೊರೆಗಳು ಗೆದ್ದು ತಮ್ಮ ಜಿಲ್ಲೆ ಮಾಡಿದ್ರು. ಆದ್ರೂ ಜನ ಹಳೇ ಹೆಸರು ಬಿಟ್ಟಿಲ್ಲ.”

ಪಂಚಾಕ್ಷರಪ್ಪನವರು, “ನೂರು ಊರಾಗೆ ಮೊದಲ್ನೇ ವೀಳ್ಯ ಯಾವೂರಿಗೆ?” ಎಂದರು. ಮೇಷ್ಟ್ರಿಗೆ ಗೊತ್ತಿರಲಿಲ್ಲ. ಎಪ್ಪತ್ತಕ್ಕೇ ತಮಗೆ ಇಷ್ಟು ಪ್ರಾಣಸಂಕಟವಾದರೆ ನೂರು ಹೆಸರು ಹೊತ್ತವನ ಪಾಡೇನು ಎಂದು, ಕಾಣದ ಆ ದೇಶದ ಕಾಣದ ನಾಡಗೌಡನ ಬಗ್ಗೆ ಇವರ ಮುಖದಲ್ಲಿ ಅನುಕಂಪ ಮೂಡಿತು.

“ಒಂದು ಕಾಂತ್ರೆವ್ ಸಮುದ್ರದಾಗೆ ಮುಳುಗಿ ಹೋಗೈತಂತೆ,” ಮೇಷ್ಟ್ರು ಮುಂದುವರಿಸಿದರು. “ಕತೆ ಇದ್ದೀತು. ಆದ್ರೆ ಅದರ ಹೆಸರು ಇವತ್ತಿಗೂ ಹೇಳ್ತಾರೆ.”

“ಹಂಗಾದ್ರೆ ಹೇಳೋನು ಒಬ್ಬ ಅದಾನೆ,” ಎಂದು ಪಂಚಾಕ್ಷರಪ್ಪನವರು ನಿಟ್ಟುಸಿರುಬಿಟ್ಟರು. ಅಂದಿನಿಂದ ಅವರಿಗೆ ಮೇಷ್ಟ್ರ ಮೇಲೆ ಒಂದು ಬಗೆಯ ನೆಚ್ಚಿಕೆ.

ಅರವತ್ತು ದಾಟಿದ ಮೇಲೆ, ಅವರು ಜೀವಮಾನವಿಡೀ ಅಂಜಿದ್ದು ಮೆಲ್ಲನೆ ಅಂಗಳಕ್ಕೆ ಬಂತು. ಮೊದಲು ಎತ್ತು ಮಾರಿದವನ ಹೆಸರು ಮರೆತುಹೋಯಿತು. ಅದು ಎಲ್ಲರಿಗೂ ಆಗುವುದೇ. ಆಮೇಲೆ ಒಂದು ಬೆಳಿಗ್ಗೆ ಹೊಲದಲ್ಲಿ ನೇರಲಗುಂಡಿ ಎಂಬ ಊರೇ ಬಾಯಿಂದ ಜಾರಿ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ತಾನಾಗಿಯೇ ಮರಳಿತು. ಅವರು ರೊಟ್ಟಿ ಮುರಿಯದೆ ಬುತ್ತಿಯನ್ನು ಮತ್ತೆ ಕಟ್ಟಿ ಎದ್ದರು. ಯಾರಿಗೂ ಹೇಳಲಿಲ್ಲ. ನ್ಯಾಮತಿಗೆ ಹೋಗುವ ದಾರಿಯಲ್ಲಿ ಹೆಸರುಗಳನ್ನು ಹೇಳಿಕೊಳ್ಳುತ್ತ ನಡೆಯುವುದು, ಎಲ್ಲಿಯಾದರೂ ತಡೆದರೆ ಊರ ಮುಂದಿನ ಹುಣಿಸೆಮರದವರೆಗೆ ವಾಪಸು ಬಂದು ಮೊದಲಿಂದ ಹೊರಡುವುದು ಎಂದು ತಮಗೆ ತಾವೇ ಒಂದು ಕಟ್ಟು ಮಾಡಿಕೊಂಡರು. ಸಂತೆಗೆ ಹೊರಟ ಮನುಷ್ಯ ಅರ್ಧ ದಾರಿಯಿಂದ ಮತ್ತೆ ಮತ್ತೆ ತಿರುಗಿ ಬರುವುದನ್ನು ಕಂಡವರು, ಗೌಡರು ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾರೆಂದು ತಾವೂ ನೆಲ ನೋಡುತ್ತ ಬಂದದ್ದುಂಟು.

ಗುಟ್ಟು ತಿಳಿದದ್ದು ಹೆಂಡತಿ ದ್ಯಾಮಮ್ಮನವರಿಗೆ ಮಾತ್ರ. ವೀಳ್ಯಗಳನ್ನು ಸುತ್ತಿ ಹರಿವಾಣದಲ್ಲಿ ಜೋಡಿಸುವುದು ಅವರ ಕೆಲಸ. ಮದುವೆಯಾಗಿ ಬಂದಂದಿನಿಂದ ಆ ಎಣಿಕೆಯಲ್ಲಿ ಒಂದೂ ಹೆಚ್ಚುಕಡಿಮೆ ಮಾಡಿದವರಲ್ಲ.

“ಮೇಷ್ಟ್ರ ಕೈಲಿ ಬರೆಸಿಕಳ್ರಿ,” ಎಂದರು. “ನೋಡಿಕೊಂಡು ಓದಿದ್ರೆ ಯಾರೇನು ಅಂತಾರೆ?”

“ಓದಿದ್ರೆ ಅದು ಕರೆದಂಗೆ ಆಗಲ್ಲ. ಅಮೀನ ಸಮನ್ಸು ಓದಿದಂಗೆ ಆಗ್ತೈತೆ.”

ನಲವತ್ತೆರಡರಲ್ಲಿ, ಯುದ್ಧದ ಬಿಸಿಗೆ ಸೀಮೆಎಣ್ಣೆ ಸಿಗದಾಗಿದ್ದ ವರ್ಷ, ಒಂದು ದಿನ ಮಳಲಿಕೆರೆಯ ಒಕ್ಕಣ್ಣಿನ ಮಹೇಶ್ವರಪ್ಪ ಕೆಂಗಲ್ಲಿಗೆ ಬಂದ. ತನ್ನ ಮಗಳನ್ನು ಕಲ್ಲುಹೊಳೆಯ ನಾಗರಾಜಪ್ಪನ ಮಗನಿಗೆ ಕೊಡುವುದೆಂದು ನಿಶ್ಚಯವಾಗಿದೆ, ಹನ್ನೆರಡು ವರ್ಷದ ಹಗೆ ಈ ಲಗ್ನದಿಂದ ಮುಗಿಯಬೇಕು ಎಂದು ಹೇಳಿ, ಕೊಟ್ಟ ಮಜ್ಜಿಗೆಯನ್ನು ಮುಟ್ಟದೆ ಕುಳಿತ.

“ಗೌಡ್ರೆ, ಇದೊಂದು ದಿನ ನಾಡು ಸರಿಯಾಗಿ ಕರೆದುಬಿಡ್ರಿ. ನನ್ನದು ಒಂದು ಕಣ್ಣು ಹೋಗೈತೆ, ಇನ್ನೊಂದು ಐತೆ, ಅದಕ್ಕೆ ನಾ ಅಂಜಲ್ಲ. ನಮ್ಮ ಹುಡುಗರು ಎಷ್ಟು ಬ್ಯಾಡಂದ್ರೂ ಕೋಲು ಹಿಡಕಂಡೇ ಬರ್ತಾರೆ. ಅವರ ಕಡೇರೂ ಹಂಗೇ. ಒಂದು ಹೆಸರು ತಪ್ಪಿದ್ರೆ ಮಗಳ ತಾಳಿ ಏನಾಗ್ತೈತೋ.”

“ಕರೀತೀನಪ್ಪ,” ಎಂದರು ಪಂಚಾಕ್ಷರಪ್ಪನವರು. ಆ ಮಾತು ಎಷ್ಟು ಸಣ್ಣದಾಗಿ ಬಂತೆಂದರೆ ಮಹೇಶ್ವರಪ್ಪ ಮತ್ತೊಮ್ಮೆ ಕೇಳಿ ಹೇಳಿಸಿಕೊಂಡ. ಅಂದಿನಿಂದ ಲಗ್ನದ ದಿನದವರೆಗೆ ಅವರು ಎಷ್ಟು ಸಲ ಹುಣಿಸೆಮರಕ್ಕೆ ವಾಪಸು ಬಂದರೋ ಆ ಮರಕ್ಕೇ ಗೊತ್ತು.

ಮದುವೆ ಮಳಲಿಕೆರೆಯಲ್ಲಿ. ಧಾರೆಯಾಯಿತು, ಕಂಬಳಿ ಹಾಸಿದರು. ಚಪ್ಪರದ ಒಂದು ಪಕ್ಕಕ್ಕೆ ಮಳಲಿಕೆರೆಯ ಪ್ರಾಯದವರು, ಇನ್ನೊಂದು ಪಕ್ಕಕ್ಕೆ ಕಲ್ಲುಹೊಳೆಯವರು; ಎರಡು ಕಡೆಯೂ ಕೋಲುಗಳು ಮಡಿಲಲ್ಲಿ ಅಡ್ಡಲಾಗಿ ಮಲಗಿದ್ದವು. ಹಾಲಸ್ವಾಮಿ ಮೇಷ್ಟ್ರೂ ಬಂದು ಕಂಬಕ್ಕೊರಗಿ ನಿಂತಿದ್ದರು. ಪಂಚಾಕ್ಷರಪ್ಪನವರು ಕೋಟಿನ ಗುಂಡಿಗಳನ್ನೊಮ್ಮೆ ಮುಟ್ಟಿ ನೋಡಿಕೊಂಡು ಕೆಂಗಲ್ಲನ್ನು ಕರೆದರು; ಮಳಲಿಕೆರೆಯನ್ನು ಕರೆದರು; ಮಹೇಶ್ವರಪ್ಪ ವೀಳ್ಯ ಪಡೆದು ಹಿಂದೆ ಸರಿಯುವವರೆಗೆ ಉಸಿರು ಹಿಡಿದು ಕಲ್ಲುಹೊಳೆಯನ್ನು ಕರೆದರು. ಚಪ್ಪರವೆಲ್ಲ ಒಂದೇ ಎದೆಯಿಂದೆಂಬಂತೆ ಉಸಿರುಬಿಟ್ಟಿತು. ಅಲ್ಲಿಂದ ಮುಂದೆ ಹೆಸರುಗಳು ಇಳಿಜಾರಿನ ನೀರಿನಂತೆ ಬಂದವು. ಇಷ್ಟು ಸಲೀಸಾಗಿ ಅವರು ಎಂದೂ ಕರೆದಿರಲಿಲ್ಲವೆಂದು ಕೇಳಿದವರು ಆಮೇಲೆ ಹೇಳುತ್ತಿದ್ದರು. ಕಡೆಯ ಊರನ್ನೂ ಕರೆದು ಮುಗಿಸಿ ತಲೆ ಬಗ್ಗಿಸಿ ನೋಡಿದರೆ ಹರಿವಾಣದಲ್ಲಿ ಇನ್ನೂ ಒಂದು ವೀಳ್ಯವಿತ್ತು.

ದ್ಯಾಮಮ್ಮನ ಎಣಿಕೆ ತಪ್ಪುವುದಿಲ್ಲ. ಹಾಗಾದರೆ ಒಂದು ಊರು ಬಿಟ್ಟುಹೋಗಿದೆ. ಯಾವುದು?

ಜನ ಊಟಕ್ಕೆ ಏಳತೊಡಗಿದ್ದರು. ಯಾರೂ ಗಮನಿಸಿರಲಿಲ್ಲ. ಆ ಎಲೆಯನ್ನು ಮೆಲ್ಲನೆ ಕೋಟಿನ ಜೇಬಿಗೆ ಇಳಿಸಿಬಿಟ್ಟಿದ್ದರೆ ಕೇಳುವವರಿರಲಿಲ್ಲ. ಆದರೆ ಬಿಟ್ಟುಹೋದ ಊರಿನ ಹಿರಿಯ ಇಲ್ಲಿಯೇ ಎಲ್ಲೋ ಕುಳಿತು, ಅವಮಾನವನ್ನು ನುಂಗುತ್ತ, ಏಳುವ ಗಳಿಗೆಗಾಗಿ ಕಾಯುತ್ತಿದ್ದರೆ? ಅವರ ಕಣ್ಣು ಸಾಲು ಸಾಲಾಗಿ ರುಮಾಲುಗಳ ಮೇಲೆ ಓಡಿತು. ಪ್ರತಿ ಮುಖವೂ ಮುನಿದಂತೆ ಕಂಡಿತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು. ಅವರು ಹರಿವಾಣವನ್ನು ಕಂಬಳಿಯ ಮೇಲಿಟ್ಟು, ರುಮಾಲು ತೆಗೆದು ಅದರ ಪಕ್ಕದಲ್ಲಿಟ್ಟರು.

“ಕೂತ್ಕಳ್ರಿ ಎಲ್ಲಾರೂ. ಒಂದು ವೀಳ್ಯ ಮಿಕ್ಕೈತೆ. ನಾನು ಯಾವೂರು ಬಿಟ್ಟೀನೋ ನನಗೇ ತಿಳೀತಿಲ್ಲ. ಯಾವೂರಿಗೆ ಬಂದಿಲ್ವೋ ಅವರು ಹೇಳ್ರಿ. ತಪ್ಪು ನನ್ನದು. ಏನು ಮಾಡಿದ್ರೂ ನನಗೆ ಮಾಡ್ರಿ, ಮದುವೆಮನೆಗೆ ಬ್ಯಾಡ.”

ಮಡಿಲಲ್ಲಿದ್ದ ಕೋಲುಗಳು ನೆಟ್ಟಗಾದವು. ಒಬ್ಬರ ಮುಖವನ್ನೊಬ್ಬರು ನೋಡಿದರು. ಮಹೇಶ್ವರಪ್ಪ ಎದ್ದ. ತನ್ನ ಒಂದೇ ಕಣ್ಣಿನಿಂದ ಸಾಲುಗಳನ್ನು ನೋಡುತ್ತ, ಒಬ್ಬೊಬ್ಬ ಹಿರಿಯನ ಮುಂದೆಯೂ ನಿಂತು, “ನಿಮಗೆ ಬಂತಾ? ತೋರಿಸ್ರಿ,” ಎಂದು ಕೇಳುತ್ತ ಹೋದ. ಒಬ್ಬೊಬ್ಬರೂ ಕೈಯೆತ್ತಿ ವೀಳ್ಯ ತೋರಿಸಿದರು. ಕಡೆಯ ಸಾಲಿನ ಕಡೆಯ ಮನುಷ್ಯನೂ ತೋರಿಸಿದ.

“ಎಲ್ಲಾರಿಗೂ ಬಂದೈತ್ರೀ ಗೌಡ್ರೆ,” ಮಹೇಶ್ವರಪ್ಪನ ದನಿಯಲ್ಲಿ ನಗುವಿತ್ತು. “ಮಿಕ್ಕಿದ್ದು ಯಾವುದೋ ಹಾಳೂರಿಂದು. ಬಿಡ್ರಿ ಅತ್ಲಾಗೆ. ಏಳ್ರಿ, ಉಣ್ಣಾಕೆ ಏಳ್ರಿ.”

ಚಪ್ಪರ ನಕ್ಕ ನಗೆಗೆ ಹೆದರಿ ಮಾವಿನ ತೋರಣದಲ್ಲಿದ್ದ ಗುಬ್ಬಿಗಳು ಹಾರಿದವು. ಎರಡೂ ಊರಿನ ಹುಡುಗರು ಕೋಲುಗಳನ್ನು ಒಂದೇ ಕಂಬಕ್ಕೆ ಒರಗಿಸಿ, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಪಂಚಾಕ್ಷರಪ್ಪನವರು ಮಾತ್ರ ಕಂಬಳಿಯ ಅಂಚಿನಲ್ಲಿದ್ದ ವೀಳ್ಯಗಳ ಮುಂದೆ ಮಂಡಿಯೂರಿ, ಒಂದೊಂದರ ಮೇಲೂ ಬೆರಳಿಟ್ಟು ಹಾಳೂರುಗಳ ಹೆಸರು ಹೇಳಿಕೊಂಡರು. ಸಂಕನಕೆರೆ ಬಂತು, ನೇರಲಗುಂಡಿ ಬಂತು. ಅವೆರಡರ ನಡುವೆ ನಾಲಗೆಗೆ ತಾಗುವ ಒಂದು ಪೊಳ್ಳು. ಅಲ್ಲಿ ಏನೋ ಇತ್ತು. ಈಗ ಇಲ್ಲ.

ಗಾಡಿಯಲ್ಲಿ ಮನೆಗೆ ಬರುವಾಗ ದ್ಯಾಮಮ್ಮ ಸಮಾಧಾನ ಹೇಳಿದರು. “ಜಗಳ ಆಗ್ಲಿಲ್ಲ, ಎಲ್ಲಾರೂ ಉಂಡು ಹೋದ್ರು. ಇನ್ನೂ ಏನ್ ಹೆದ್ರಿಕೆ ನಿಮಗೆ?”

“ಜನ ಇರೋ ಊರ ಮರೆತಿದ್ರೆ ಅವರು ಬಂದು ನನ್ನ ಕೊರಳಪಟ್ಟಿ ಹಿಡಿದು ಹೆಸರು ಕೂಗೋರು. ಇದನ್ನ ಮರೆತರೆ ಕೂಗೋರು ಯಾರೇ?” ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದರು: “ಇಷ್ಟು ವರ್ಷ ನನ್ನ ಪಕ್ಕದಾಗೇ ಇದ್ದೆಯಲ್ಲ, ಸಂಕನಕೆರೆ ಆದಮೇಲೆ ಏನಂತಿದ್ದೆ ನಾನು?”

“ಕಂಬಳಿ ಹತ್ರ ಹೆಂಗಸರನ್ನ ಯಾವತ್ತು ಕೂರಿಸ್ಯಾರ್ರಿ? ಮನೇಲಿ ನಿಮ್ಮ ತುಟಿ ಅಲ್ಲಾಡೋದು ಕಂಡೀನಿ. ಹೆಸರು ಕೇಳಿಸಿಲ್ಲ.”

ಆ ವರ್ಷದ ಉಳಿದ ದಿನಗಳನ್ನು ಅವರು ಒಂದು ಹೆಸರಿಗಾಗಿ ತೆತ್ತರು. ಹಾಲಸ್ವಾಮಿ ಮೇಷ್ಟ್ರು ಹೊನ್ನಾಳಿಯ ಕಚೇರಿಯಲ್ಲೂ ಚನ್ನಗಿರಿಯ ಕಚೇರಿಯಲ್ಲೂ ಪರಿಚಯದವರನ್ನು ಹಿಡಿದು ಹಳೆಯ ಸರ್ವೆ ಕಾಗದ ತೆಗೆಸಿದರು. ಆ ಎರಡು ಹಾಳೂರುಗಳ ನಡುವಿನ ಜಾಗಕ್ಕೆ ಒಂದು ನಂಬರಿತ್ತು, ಹೆಸರಿರಲಿಲ್ಲ. ಸುತ್ತಿನ ಊರುಗಳ ಮುದುಕರನ್ನು ಕೇಳಿದರೆ, ತಮ್ಮ ಊರು ಕರೆದದ್ದನ್ನು ಮಾತ್ರ ಕೇಳಿಸಿಕೊಂಡಿದ್ದೆವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ನಾಡು ಕರೆಯುವ ಕ್ರಮ ಬಹುಮಟ್ಟಿಗೆ ಊರಿಂದ ಊರಿಗೆ ನಡೆದುಹೋಗುವ ಕ್ರಮವೇ ಆಗಿದ್ದುದರಿಂದ, ಪಂಚಾಕ್ಷರಪ್ಪನವರು ಸಂಕನಕೆರೆಯ ಹಾಳಿನಿಂದ ನೇರಲಗುಂಡಿಯ ಹಾಳಿಗೆ ನಡೆದು ನೋಡಿದರು. ಬಸವಾಪಟ್ಟಣದ ಕಡೆಯ ಗುಡ್ಡಗಳು ಕಾಣುವ ಒಂದು ಬಯಲಿನಲ್ಲಿ, ಸಣ್ಣದೊಂದು ಮಣ್ಣಿನ ದಿಬ್ಬದ ಅಂಚಿನ ಬೇವಿನ ಮರದ ಬುಡಕ್ಕೆ, ಎರಡು ಹೋಳಾದ ಬೀಸುವ ಕಲ್ಲು ಮಣ್ಣಿನಲ್ಲಿ ಅರ್ಧ ಹೂತು ಬಿದ್ದಿತ್ತು. ಜಾಗದ ಗುರುತು ಸಿಕ್ಕಿತು. ಎಳೆಯನಾಗಿದ್ದಾಗ ತಂದೆ ತಮ್ಮನ್ನು ಇಲ್ಲಿ ನಿಲ್ಲಿಸಿ, ಕಾಲಿನ ಕೆರ ಬಿಡಿಸಿ, ದಿಬ್ಬದ ಕಡೆಗೆ ಕೂಗಿ ಹೆಸರು ಹೇಳಿದ್ದರು. ತಂದೆಯ ಬಾಯಿ ತೆರೆದದ್ದು, ಮೀಸೆಯ ಕೂದಲು, ಎಲ್ಲವೂ ಕಣ್ಣಿಗೆ ಕಟ್ಟಿತು. ದನಿ ಮಾತ್ರ ಬರಲಿಲ್ಲ. ಆ ದಿಬ್ಬದ ಮೇಲೆ ನಿಂತು ಅವರು ಮಗುವಿನಂತೆ ಅತ್ತದ್ದನ್ನು ಮುಂದೆ ಮೇಷ್ಟ್ರಿಗೆ ಮಾತ್ರ ಹೇಳಿದರು.

ಸುಗ್ಗಿ ಮುಗಿದ ಮೇಲೆ ಮತ್ತೆ ಹೋದಾಗ ದಿಬ್ಬದ ಕೆಳಗಿನ ಹೊಲದಲ್ಲಿ ಕುರಿಗಳಿದ್ದವು. ಜಗಳೂರು ಸೀಮೆಯ ಕುರಿಗಾರರು ವರ್ಷಕ್ಕೊಮ್ಮೆ ಇತ್ತ ಬಂದು, ಗೊಬ್ಬರಕ್ಕಾಗಿ ಹೊಲಗಳಲ್ಲಿ ಮಂದೆ ನಿಲ್ಲಿಸುವುದುಂಟು. ಅವರಲ್ಲಿ ಸೊಕ್ಕೆ ಎಂಬ ಊರಿನ ದುರುಗಪ್ಪನೆಂಬವನು ಬೇವಿನ ಬುಡದ ಬೀಸುವ ಕಲ್ಲಿಗೆ ಕಾಯಿ ಒಡೆದು, ಹೋಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಪಂಚಾಕ್ಷರಪ್ಪನವರು ಏದುಸಿರು ಬಿಡುತ್ತ ಹತ್ತಿರ ಹೋದರು.

“ಯಾಕಪ್ಪ ಇಲ್ಲಿ ಕಾಯಿ ಒಡೀತಿ?”

“ನಮ್ಮ ಹಿರೇರು ಒಂದ್ ಕಾಲಕ್ಕೆ ಈ ಮಣ್ಣಾಗಿದ್ರಂತೆ ಯಜಮಾನ್ರೆ. ಈ ಕಡೆ ಬಂದಾಗ ಒಡೀಬೇಕು ಅಂತ ನಮ್ಮಜ್ಜಿ ಕಟ್ಟು ಮಾಡೈತೆ.”

“ಊರ ಹೆಸರೇನು?”

“ನಾವು ಅಮ್ಮ ಅಂತ ಕಾಯಿ ಒಡೀತೀವಿ, ಹೋಗ್ತೀವಿ. ಹೆಸರು ಸೊಕ್ಕೆಯಾಗಿರೋ ಆ ಗಿಡ್ಡಮ್ಮಜ್ಜಿಗೇ ಗೊತ್ತಿದ್ದೀತು. ಇನ್ನೂ ಗಟ್ಟಿ ಐತೆ ಮುದುಕಿ.”

ದಾವಣಗೆರೆಯ ಆಚೆಗೆ ಎಂದೂ ಹೋಗದಿದ್ದ ಮನುಷ್ಯ ಮರುವಾರವೇ ಜಗಳೂರಿಗೆ ಹೊರಟರು. ದ್ಯಾಮಮ್ಮ ಹೊಸದಾಗಿ ಸುತ್ತಿಕೊಟ್ಟ ಒಂದೇ ಒಂದು ವೀಳ್ಯವನ್ನು ಒದ್ದೆ ಬಟ್ಟೆಯಲ್ಲಿಟ್ಟು ಕೋಟಿನ ಒಳಜೇಬಿಗೆ ಸೇರಿಸಿಕೊಂಡಿದ್ದರು. ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸು ಏರು ಬಂದಲ್ಲೆಲ್ಲ ನಿಂತು ಕೆಮ್ಮುತ್ತಿತ್ತು. ಪ್ರಯಾಣಿಕರು ಇಳಿದು ತಳ್ಳುತ್ತಿದ್ದರು. ಎಲೆ ಬಾಡೀತೆಂಬ ಚಿಂತೆ ಒಂದಾದರೆ, ಪರಸೀಮೆಗೆ ನಾಡ ವೀಳ್ಯ ಹೊತ್ತು ಹೋಗುತ್ತಿದ್ದೇನೆ, ಅಲ್ಲಿಯ ನಾಡಗೌಡರ ಅಪ್ಪಣೆ ಬೇಕಲ್ಲವೇ ಎಂಬ ಚಿಂತೆ ಇನ್ನೊಂದು. ಜಗಳೂರಿನಲ್ಲಿ ಇಳಿದವರೇ ಚಹಾದಂಗಡಿಯವನನ್ನು ಕೇಳಿದರು: “ಈ ಸೀಮೆಗೆ ಯಾರಪ್ಪ ನಾಡಗೌಡ್ರು?”

“ಅಮಲ್ದಾರ್ರು ಅದಾರ್ರಿ. ಏನು, ರೇಷನ್ ಕಾರ್ಡಿಗಾ?”

ಅವರು ಒಂದು ಗಳಿಗೆ ಕಚೇರಿಯ ದಿಕ್ಕಿಗೆ ಮುಖ ಮಾಡಿ ನಿಂತು, ಮನಸ್ಸಿನಲ್ಲಿಯೇ ಕ್ಷಮೆ ಕೇಳಿಕೊಂಡು ಸೊಕ್ಕೆಯ ದಾರಿ ಹಿಡಿದರು.

ಗಿಡ್ಡಮ್ಮ ಕುರಿಹಟ್ಟಿಯ ಪಕ್ಕದ ಗುಡಿಸಲ ನೆರಳಲ್ಲಿ ಉಣ್ಣೆ ಹಿಂಜುತ್ತ ಕುಳಿತಿದ್ದಳು. ಬಂದವರು ಯಾರು, ಯಾಕೆ ಬಂದರು ಎಂಬುದನ್ನು ಅರ್ಥಮಾಡಿಸಲು ಬಹಳ ಹೊತ್ತು ಬೇಕಾಯಿತು. ಅರ್ಥವಾದ ಮೇಲೂ ಅವಳಿಗೆ ಅದು ಅಂಥ ದೊಡ್ಡ ಸಂಗತಿಯೆನಿಸಲಿಲ್ಲ.

“ನಮ್ಮ ಮನೆದೇವ್ರು ಇಂಗಳಗಟ್ಟೆಮ್ಮ,” ಎಂದಳು. “ಆ ಕಡೇದೇ. ನಮ್ಮತ್ತೆ ಹೇಳೋಳು.”

“ಇಂಗಳಗಟ್ಟೆ,” ಪಂಚಾಕ್ಷರಪ್ಪನವರು ಮೆಲ್ಲನೆ ಉಚ್ಚರಿಸಿದರು. ಕಳೆದುಹೋದ ಹೆಸರು ಸಿಕ್ಕಿದರೆ ಎದೆಯಲ್ಲಿ ಅಗುಳಿ ಬಿದ್ದ ಸದ್ದಾಗುತ್ತದೆಂದು ಅವರು ನಂಬಿದ್ದರು. ಆಗಲಿಲ್ಲ. “ಅದು ಊರ ಹೆಸರೇನಮ್ಮ?”

“ಇಂಗಳ ಅಂದ್ರೆ ಕೆಂಡ. ಊರ ಹೆಸರೋ, ಕೆಂಡ ಹಾಯೋ ಕಟ್ಟೆ ಹೆಸರೋ, ನಾನೇನು ಕಂಡೀನಾ ತಂದೆ? ನಾವು ಬಿಟ್ಟು ಬಂದು ಯಾವ ಕಾಲ ಆತೋ.”

ಅದಕ್ಕಿಂತ ಹೆಚ್ಚು ಅವಳಿಗೆ ತಿಳಿದಿರಲಿಲ್ಲ. ತಿಳಿದವರು ಭೂಮಿಯ ಮೇಲೆ ಇನ್ನು ಯಾರೂ ಇರಲಿಲ್ಲ. ಪಂಚಾಕ್ಷರಪ್ಪನವರು ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು. ಉಣ್ಣೆಯ ಧೂಳು ಹಾರುವ ಆ ಅಂಗಳದಲ್ಲಿ, ಕಟ್ಟಿಹಾಕಿದ ಎರಡು ಮರಿಗಳೂ ಒಬ್ಬ ಮುದುಕಿಯೂ ಕೇಳುವಂತೆ, ಮದುವೆಮನೆಯಲ್ಲಿ ಕರೆಯುವ ದನಿಯಲ್ಲಿಯೇ, “ಕೆಂಗಲ್ಲುನಾಡು ಎಪ್ಪತ್ತರ ಪೈಕಿ ಇಂಗಳಗಟ್ಟೆ ಊರಿಗೆ ನಾಡ ವೀಳ್ಯ” ಎಂದು ಕರೆದು, ಒದ್ದೆ ಬಟ್ಟೆ ಬಿಚ್ಚಿ ಎರಡೂ ಕೈಯಿಂದ ಮುಂದೆ ನೀಡಿದರು.

ಗಿಡ್ಡಮ್ಮ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. “ಎಲೆ ಒಳ್ಳೇದೈತೆ. ನನಗೆ ಹಲ್ಲಿಲ್ಲ ಕಣಪ್ಪ. ಅಲ್ಲಿ ಕುಟ್ಟಾಣಿ ಐತೆ, ಒಂಚೂರು ಕುಟ್ಟಿಕೊಡ್ತೀಯಾ?”

ನಾಡಗೌಡರು ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು, ಸುಣ್ಣ ಸವರಿ, ನಾಡ ವೀಳ್ಯವನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿಕೊಟ್ಟರು. ಅವಳು ಬಾಯಿಗೆ ಹಾಕಿಕೊಂಡು, ಮತ್ತೆ ಉಣ್ಣೆಗೆ ಕೈಹಚ್ಚಿದಳು.

ಕತೆ ಇಲ್ಲಿಗೆ ಸುಖವಾಗಿ ಮುಗಿಯಿತೆಂದು ಹೇಳಿದರೆ ಅದು ಅವರ ಸ್ವಭಾವಕ್ಕೆ ಮಾಡುವ ಅಪಚಾರ. ಊರಿಗೆ ಬಂದವರು ಮೇಷ್ಟ್ರ ಬಳಿ ಕುಳಿತು, “ಕಟ್ಟೆ ಹೆಸರು ಊರಿಗೆ ಹಚ್ಚಿಬಿಟ್ಟೆನೇನೋ. ಅಸಲು ಹೆಸರು ಬ್ಯಾರೆ ಇದ್ರೆ?” ಎಂದು ಕೇಳಿದರು. ಮೇಷ್ಟ್ರು, “ಇಲ್ಲದ್ದಕ್ಕಿಂತ ಇದು ವಾಸಿ ಗೌಡ್ರೆ,” ಎಂದರೆ ತಲೆಯಾಡಿಸಿದರು, ಒಪ್ಪಲಿಲ್ಲ. ಆಮೇಲಿನ ವರ್ಷಗಳಲ್ಲಿ ಅವರು ಬೆರಳೆಣಿಕೆಯಷ್ಟು ಮದುವೆಗಳಲ್ಲಿ ನಾಡು ಕರೆದರು. ಸಂಕನಕೆರೆಯ ನಂತರ ಇಂಗಳಗಟ್ಟೆ ಎನ್ನುವಾಗ ಪ್ರತಿಸಲವೂ ದನಿ ಒಂದು ಮೆಟ್ಟಿಲು ಇಳಿಯುತ್ತಿತ್ತು. ರೇಷನ್ನಿನ ಕಾಲದಲ್ಲಿ ಮದುವೆಗಳು ಸಣ್ಣವಾದವು. ಅಚ್ಚು ಹಾಕಿಸಿದ ಲಗ್ನಪತ್ರಿಕೆಯವರಿಗೆ ಕಂಬಳಿ ಹಾಸುವ ವ್ಯವಧಾನ ಇರಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, ಬಿತ್ತನೆಯ ದಿನಗಳಲ್ಲಿ ಪಂಚಾಕ್ಷರಪ್ಪನವರು ತೀರಿಕೊಂಡರು. ಅವರ ಕೊನೆಯ ಕಾರ್ಯಕ್ಕೆ ಮಳಲಿಕೆರೆಯವರೂ ಕಲ್ಲುಹೊಳೆಯವರೂ ಒಂದೇ ಗಾಡಿಯಲ್ಲಿ ಬಂದರು. ಮಹೇಶ್ವರಪ್ಪನ ಮೊಮ್ಮಗು ಅಜ್ಜನ ತೊಡೆಯ ಮೇಲೆಯೇ ನಿದ್ದೆಹೋಗಿತ್ತು. ನಾಡಗೌಡರ ಕಾರ್ಯವೆಂದು ಅಂದೂ ನಾಡು ಕರೆಯಬೇಕೆಂದರು; ಕರೆಯುವವರು ಯಾರೂ ಇರಲಿಲ್ಲ. ಹಾಲಸ್ವಾಮಿ ಮೇಷ್ಟ್ರು ಆ ಕಡೆಯ ಮದುವೆಗಳಲ್ಲಿ ಕೇಳಿ ತಾವು ಬರೆದಿಟ್ಟುಕೊಂಡಿದ್ದನ್ನು ನೋಡಿ ಓದಿದರು, ಸ್ಪಷ್ಟವಾಗಿ, ಒಂದೂ ತಪ್ಪಿಲ್ಲದೆ. ಯಾರೂ ಆತಂಕಪಡಲಿಲ್ಲ, ಯಾರೂ ಕಿವಿ ನಿಮಿರಿಸಲಿಲ್ಲ. ಅದು ಸಾಂಗವಾಗಿ ಮುಗಿಯಿತು.

ಪ್ರತಿಯೊಂದು ಸೀಮೆಯಲ್ಲಿಯೂ ಇಂಥವರು ಒಬ್ಬರೋ ಇಬ್ಬರೋ ಇದ್ದಿರಬೇಕು. ಮೇಷ್ಟ್ರು ಹೇಳಿದ ಆ ಕಡಲ ಪಕ್ಕದ ದೂರದೇಶದಲ್ಲಿಯೂ ಇದ್ದಿರಬೇಕು. ಇವರನ್ನು ನಾವು ಧೀರರೆಂದು ಹೊಗಳುವುದಿಲ್ಲ, ಏಕೆಂದರೆ ಇವರು ಅಂಜುತ್ತ ಅಂಜುತ್ತಲೇ ಆಯುಷ್ಯ ಕಳೆದವರು. ಪಂಡಿತರೆಂದು ಗೌರವಿಸುವುದೂ ಇಲ್ಲ, ಏಕೆಂದರೆ ತಾವು ಹೊತ್ತದ್ದರ ಅರ್ಥ ಇವರಿಗೂ ಪೂರಾ ತಿಳಿದಿರಲಿಲ್ಲ. ಅರಸರು ಎಳೆದ ಗೆರೆಗಳನ್ನು ಮತ್ತೊಬ್ಬ ಅರಸ ಒರೆಸುತ್ತಾನೆ, ಅವನ ಗೆರೆಗಳನ್ನು ಇನ್ನೊಬ್ಬ. ಹಾಗೆ ಒರೆಸಿಹೋದ ಒಂದು ನಾಡು ಮತ್ತೂ ಕೆಲವು ನೂರು ವರ್ಷ ಉಸಿರಾಡಿದ್ದರೆ, ಅದು ಯಾರೋ ಒಬ್ಬ ಬಡಪಾಯಿ ಅದನ್ನು ಮರೆತೇನೆಂದು ಹಗಲೆಲ್ಲ ಹೆದರಿಕೊಂಡಿದ್ದುದರಿಂದ. ನಮ್ಮ ಕಾಲದವರಿಗೆ ಎಲ್ಲವೂ ಬರೆದಿಟ್ಟ ಧೈರ್ಯವಿದೆ, ಆದ್ದರಿಂದ ಹೆದರಿಕೆಯಿಲ್ಲ. ಹೆದರಿಕೆಯಿಲ್ಲದ ಕಡೆ ಊರೊಂದರ ಹೆಸರು ಎಷ್ಟು ದಿನ ಬಾಳೀತೋ, ಅದನ್ನು ಬಲ್ಲವರು ಯಾರೂ ಇಲ್ಲ.